ಸತ್ತ ದನ ಕೊಯ್ಯಬೇಡಿ, ಕಿವಿಯ ರಕ್ತ ಸಾಕು

"ಹೊಟ್ಟಿ ಕೊಯ್ದು ನೋಡ್ರಿ, ಒಳಗ ಏನಾಗ್ಯದ ಗೊತ್ತಾಗ್ತದ." ದನ ಇದ್ದಕ್ಕಿದ್ದಂತೆ ಸತ್ತಾಗ ಊರವರು ಹೀಗೆ ಹೇಳುವುದುಂಟು. ಪಶುರೋಗ ಪರೀಕ್ಷೆಯ ಬಗೆಗಿನ ಅತ್ಯಂತ ಅಪಾಯದ ನಂಬಿಕೆ ಇದೇ. ಸಂಜೆ ಮೇವು ತಿಂದ ಎತ್ತು ಬೆಳಗ್ಗೆ ಸತ್ತು ಬಿದ್ದಿದ್ದರೆ, ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸುರಿದಿದ್ದರೆ ಮೊದಲು ಸಂಶಯಪಡಬೇಕಾದದ್ದು ನೆರಡಿ, ಅಂದರೆ ಆಂಥ್ರಾಕ್ಸ್. ಹೆಣ ಮುಚ್ಚಿಯೇ ಇದ್ದರೆ ಕೊಳೆಯುವಾಗ ಒಳಗಿನ ರೋಗಾಣು ಬಹುಪಾಲು ಸಾಯುತ್ತದೆ. ಕೊಯ್ದರೆ ಗಾಳಿ ತಗಲಿ ಬೀಜಾಣುಗಳಾಗಿ ಹೊಲದ ಮಣ್ಣಲ್ಲಿ ದಶಕಗಳ ಕಾಲ ಉಳಿಯುತ್ತದೆ. ಕೊಯ್ದವರಿಗೂ ರೋಗ ತಗಲುತ್ತದೆ.

ಪ್ರಯೋಗಾಲಯಕ್ಕೆ ಬೇಕಾದದ್ದು ಕಿವಿಯ ರಕ್ತನಾಳದ ಒಂದು ಹನಿ ರಕ್ತ. ಪಶುವೈದ್ಯರು ಕೈಗವಸು ಹಾಕಿಕೊಂಡು ಅದನ್ನು ಗಾಜಿನ ಪಟ್ಟಿಯ ಮೇಲೆ ಸವರಿ ತೆಗೆಯುತ್ತಾರೆ. ಮೆಥಿಲೀನ್ ಬ್ಲೂ ಬಣ್ಣ ಹಾಕಿದಾಗ ನೀಲಿ ಕಡ್ಡಿಯಂಥ ರೋಗಾಣುವಿನ ಸುತ್ತ ಗುಲಾಬಿ ಕವಚ ಕಂಡರೆ ನೆರಡಿ ಎಂಬ ಸಂಶಯ ಗಟ್ಟಿಯಾಗುತ್ತದೆ. ಹೆಣವನ್ನು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು, ಚರ್ಮ ಸುಲಿಯುವಂತಿಲ್ಲ.

ಲ್ಯಾಬಿಗೆ ಕೊಟ್ಟರೆ ಸಾಕು, ಯಂತ್ರವೇ ಎಲ್ಲ ಹೇಳುತ್ತದೆ ಎಂಬುದು ಇನ್ನೊಂದು ನಂಬಿಕೆ. ಕಲಬುರಗಿಯ ಪ್ರಯೋಗಾಲಯದಲ್ಲಿ ಎಷ್ಟೇ ಚೆನ್ನಾಗಿ ಪರೀಕ್ಷೆ ಮಾಡಿದರೂ ಮಾದರಿ ಕೆಟ್ಟಿದ್ದರೆ ಉತ್ತರವೂ ಕೆಡುತ್ತದೆ. ಕಮಲಾಪುರದಿಂದ ಮೇ ತಿಂಗಳ 40 ಡಿಗ್ರಿ ಬಿಸಿಲಲ್ಲಿ, ಐಸ್ ಇಲ್ಲದೆ, ಬೈಕಿನ ಡಿಕ್ಕಿಯಲ್ಲಿ ಬಂದ ರಕ್ತದ ಕಣಗಳು ಒಡೆದಿರುತ್ತವೆ. ಹಾಗೆಂದು ರಕ್ತವನ್ನು ಫ್ರೀಜರಿನಲ್ಲಿಟ್ಟರೂ ಕಣ ಒಡೆಯುತ್ತವೆ. ಐಸ್ ಪ್ಯಾಕಿನ ಡಬ್ಬಿ ಬೇಕು, ರಕ್ತದ ಟ್ಯೂಬು ನೇರ ಐಸಿಗೆ ತಗಲಬಾರದು.

ಕೆಚ್ಚಲು ಬಾವಿಗೆ ನಾಲ್ಕು ದಿನ ಆ್ಯಂಟಿಬಯೋಟಿಕ್ ಚುಚ್ಚಿಸಿ, ಗುಣವಾಗದಾಗ ಹಾಲು ಹಿಡಿದು ಕಳಿಸುವವರಿದ್ದಾರೆ. ಅಷ್ಟರಲ್ಲಿ ಔಷಧಿಯ ಪ್ರಭಾವಕ್ಕೆ ರೋಗಾಣು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯದೇ ಹೋಗಬಹುದು. ಮೊದಲ ಚುಚ್ಚುಮದ್ದಿಗಿಂತ ಮುಂಚೆ ತೆಗೆದ ಹಾಲಿದ್ದರೆ ರೋಗಾಣುವನ್ನು ಬೆಳೆಸಿ, ಯಾವ ಔಷಧಿಗೆ ಅದು ಬಗ್ಗುತ್ತದೆಂದು ಎರಡು ಮೂರು ದಿನಗಳಲ್ಲಿ ಹೇಳಬಹುದು. ಬಡ ರೈತನ ದುಡ್ಡು ಅತಿಹೆಚ್ಚು ಉಳಿಸುವ ಪರೀಕ್ಷೆ ಇದೆಂದು ನನ್ನ ನಂಬಿಕೆ.

"ನೆಗೆಟಿವ್ ಬಂದದ, ರೋಗ ಇಲ್ಲ" ಎನ್ನುವುದೂ ಪೂರ್ತಿ ಸರಿಯಲ್ಲ. ಕೇಳಿದ ರೋಗಕ್ಕಷ್ಟೇ ಉತ್ತರ ಬಂದಿರುತ್ತದೆ. ರೋಗ ತಗಲಿದ ಹೊಸತರಲ್ಲಿ ರಕ್ತದಲ್ಲಿ ಪ್ರತಿಕಾಯ ಹುಟ್ಟಿರುವುದಿಲ್ಲ; ಅದಕ್ಕೇ ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ ರಕ್ತ ಕೇಳುತ್ತಾರೆ.

ದನದಿಂದ ಮನುಷ್ಯರಿಗೆ ಅಂಟುವ ರೋಗಗಳ ಬಗೆಗೂ ತಪ್ಪು ನಂಬಿಕೆಗಳಿವೆ. ಚರ್ಮಗಂಟು ರೋಗ ಹಾಲಿನಿಂದ ಮನುಷ್ಯರಿಗೆ ಬರುತ್ತದೆಂಬ ಭಯ ಸುಳ್ಳು. ಅದು ಮನುಷ್ಯರಿಗೆ ಅಂಟುವುದಿಲ್ಲ. ನಿಜಕ್ಕೂ ಹೆದರಬೇಕಾದದ್ದು ಕಂದು ರೋಗಕ್ಕೆ, ಅಂದರೆ ಬ್ರುಸೆಲ್ಲೋಸಿಸ್‌ಗೆ. ಆಕಳು ಕಂದು ಹಾಕಿದಾಗ ಬರಿಗೈಯಲ್ಲಿ ಅದನ್ನು ಎತ್ತಿ ನಾಯಿಗೆ ಎಸೆಯುವುದು ಮನೆಮಂದಿಗೆಲ್ಲ ಅಪಾಯ, ಹಸಿ ಹಾಲೂ ಅಷ್ಟೇ. ಆಕಳ ರಕ್ತದಿಂದ ಬೇರ್ಪಡಿಸಿದ ಒಂದು ಹನಿ ಸೀರಮ್ಮಿಗೆ ರೋಸ್ ಬೆಂಗಾಲ್ ದ್ರಾವಣ ಬೆರೆಸಿದರೆ ನಾಲ್ಕು ನಿಮಿಷಗಳಲ್ಲಿ ಕಣಕಣವಾಗಿ ಗಂಟುಕಟ್ಟುತ್ತದೆಯೇ ಎಂದು ತಿಳಿಯುತ್ತದೆ; ಕಟ್ಟಿದರೆ ರೋಗದ ಸಂಶಯ. ಆಮೇಲೆ ಎಲೈಸಾ ಪರೀಕ್ಷೆ ಮಾಡಿ ಖಚಿತಪಡಿಸುತ್ತಾರೆ. ಈ ರೋಗಕ್ಕೆ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಲಸಿಕೆ ಇದೆ. ಲಸಿಕೆ ಹಾಕಿಸಿದ ದಿನವನ್ನು ಮಾದರಿಯ ಜೊತೆಗಿನ ಚೀಟಿಯಲ್ಲಿ ಬರೆಯದಿದ್ದರೆ, ಲಸಿಕೆಯಿಂದ ಹುಟ್ಟಿದ ಪ್ರತಿಕಾಯವನ್ನೇ ರೋಗದ್ದೆಂದು ಓದುವ ಸಾಧ್ಯತೆ ಇರುತ್ತದೆ.