ರಸಮೇವಿನ ಕಟ್ಟುಗಳಿಗೆ ಹಾಳೆ ಸುತ್ತುವ ಹಳೆಯ ಯಂತ್ರ ಮತ್ತು ಅದರ ಸೆಳೆತದ ಸುಧಾರಣೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳಲ್ಲಿ ಮೇವಿನ ಸಮೃದ್ಧಿಯೂ ಅಭಾವವೂ ಒಂದೇ ವರ್ಷದಲ್ಲಿ ಕಾಣಬರುವವು. ಕಬ್ಬು ಕಡಿಯುವ ಕಾಲದಲ್ಲಿ ಹಸಿರು ವಾಡಿಯು ದನಗಳು ತಿಂದು ಮಿಗುವಷ್ಟು ದೊರೆಯುವದು. ಆ ಕಾಲವು ಕಳೆದು ಬೇಸಿಗೆ ಬಂದಿತೆಂದರೆ ಅಥಣಿ ತಾಲೂಕಿನ ಪೂರ್ವಭಾಗದ ಕಡಿಮೆ ಮಳೆಯ ಹಳ್ಳಿಗಳಲ್ಲಿ ಒಣ ಕಣಿಕೆಗೂ ಪರದಾಡಬೇಕಾಗುವದು. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಂಡೆಯ ಊರುಗಳಿಗಾದರೋ ಮಹಾಪೂರದ ಭಯವು ಬೇರೆ. 2005, 2019 ಮತ್ತು 2021ರ ಪೂರಗಳಲ್ಲಿ ಈ ಭಾಗದ ಬೆಳೆಗಳು ನೀರಿನಲ್ಲಿ ಮುಳುಗಿದುದನ್ನು ಯಾರೂ ಮರೆತಿರಲಾರರು.

ಹೆಚ್ಚಿದ್ದಾಗ ಕೂಡಿಟ್ಟು ಇಲ್ಲದಾಗ ಉಣಿಸುವ ಉಪಾಯವೇ ರಸಮೇವು. ಕತ್ತರಿಸಿದ ಹಸಿರು ಗೋವಿನಜೋಳವನ್ನು ಗಾಳಿ ಇಲ್ಲದಂತೆ ಒತ್ತಿ ಮುಚ್ಚಿದರೆ ಅದರಲ್ಲಿಯ ಸೂಕ್ಷ್ಮಜೀವಿಗಳು ಸಕ್ಕರೆಯ ಅಂಶವನ್ನು ಹುಳಿಯಾಗಿ ಮಾರ್ಪಡಿಸುವವು; ಆ ಹುಳಿಯೇ ಮೇವನ್ನು ಕೆಡದಂತೆ ಕಾಯುವದು. ಗುಂಡಿಯಲ್ಲಿ ಹಾಕಿದ ರಸಮೇವನ್ನು ಪೂರ ಬಂದಾಗ ಎತ್ತಿ ಒಯ್ಯಲಾಗದು. ಯಂತ್ರದಿಂದ ದುಂಡಗೆ ಕಟ್ಟಿ ಪ್ಲಾಸ್ಟಿಕ್ ಹಾಳೆ ಸುತ್ತಿದ ಕಟ್ಟುಗಳನ್ನು ಗಾಡಿಯಲ್ಲಿ ಹೇರಿ ಎತ್ತರದ ಸ್ಥಳಕ್ಕೆ ಸಾಗಿಸಬಹುದು. ಆದರೆ ಇಂಥ ಕಟ್ಟಿಗೆ ಹಾಳೆಯೇ ಗೋಡೆ, ಹಾಳೆಯೇ ಮಾಡು. ಅದು ಸಡಿಲಾದರೆ ಒಳಗೆ ಗಾಳಿಯು ಹೊಕ್ಕು ಬೂಷ್ಟು ಹಿಡಿಯುವದು; ಬೂಷ್ಟು ಹಿಡಿದ ಮೇವು ದನಗಳಿಗೆ, ವಿಶೇಷವಾಗಿ ಗಬ್ಬದ ಹಸು ಎಮ್ಮೆಗಳಿಗೆ, ಅಪಾಯಕರವು.

ಈ ಕಾರ್ಯಕ್ಕೆ ಸಾಮಾನ್ಯವಾಗಿ 25 ಮೈಕ್ರಾನ್ ದಪ್ಪದ ಹಾಳೆಯನ್ನು ಉಪಯೋಗಿಸುವರು. ಅದನ್ನು ನೂರಕ್ಕೆ 55ರಿಂದ 70ರಷ್ಟು ಹಿಗ್ಗಿಸಿ ಸುತ್ತತಕ್ಕದ್ದು. ಹಿಗ್ಗಿದ ಹಾಳೆಯು ತಿರುಗಿ ಕುಗ್ಗಲೆತ್ನಿಸುವದರಿಂದ ಕಟ್ಟನ್ನು ಬಿಗಿಯಾಗಿ ಅಪ್ಪಿಕೊಳ್ಳುವದು, ಪದರಿಗೆ ಪದರು ಅಂಟಿಕೊಳ್ಳುವದು. ಕಡಿಮೆ ಹಿಗ್ಗಿದರೆ ಪದರುಗಳ ನಡುವೆ ಗಾಳಿಯು ಉಳಿಯುವದು, ಹಾಳೆಯೂ ಹೆಚ್ಚು ಖರ್ಚಾಗುವದು. ಅತಿಯಾಗಿ ಹಿಗ್ಗಿದರೆ ಹಾಳೆಯು ತೆಳುವಾಗಿ ಹರಿಯುವದು. ಯೋಗ್ಯ ರೀತಿಯಲ್ಲಿ ಹಿಗ್ಗಿದ 25 ಮೈಕ್ರಾನಿನ ಹಾಳೆಯು ಕಟ್ಟಿನ ಮೇಲೆ ಸುಮಾರು 18 ಮೈಕ್ರಾನ್ ಮಾತ್ರ ಉಳಿಯುವದರಿಂದಲೇ ಕನಿಷ್ಠ 4, ನಮ್ಮ ಬಿಸಿಲಿಗೆ 6 ಪದರುಗಳು ಬೇಕೆಂದು ತಿಳಿಯತಕ್ಕದ್ದು.

ಹಳೆಯ ಸಾದಾ ಯಂತ್ರಗಳ ದೋಷವು ಇಲ್ಲಿಯೇ ಇರುವದು. ಅವುಗಳಲ್ಲಿ ಹಾಳೆಯ ಸುರುಳಿಗೆ ಒಂದು ತಿಕ್ಕುವ ಬ್ರೇಕು ಮಾತ್ರ ಇರುವದು. ಅದು ತಡೆಯುವಷ್ಟೇ ಹಾಳೆಯು ಹಿಗ್ಗುವದು. ಬೀಸುಕಲ್ಲಿನ ಗೂಟವು ಅಂಚಿನಲ್ಲಿದ್ದರೆ ಕಲ್ಲು ಹಗುರಾಗಿ ತಿರುಗುವದು, ನಡುವಿಗೆ ಸಮೀಪವಿದ್ದರೆ ಬಲವು ಹೆಚ್ಚು ಬೇಕಾಗುವದು. ಅದೇ ರೀತಿ ಸುರುಳಿಯು ತುಂಬಿದ್ದಾಗ ಹಾಳೆಯ ಸೆಳೆತವು ಕಡಿಮೆ, ಸುರುಳಿಯು ಸಣ್ಣದಾದಂತೆ ಸೆಳೆತವು ಹೆಚ್ಚು. 24 ಸೆಂಟಿಮೀಟರು ವ್ಯಾಸದ ಸುರುಳಿಯು 8 ಸೆಂಟಿಮೀಟರಿಗೆ ಇಳಿದರೆ ಸೆಳೆತವು ಮೂರು ಪಟ್ಟಾಗುವದು. ಆದುದರಿಂದ ಮೊದಲಿನ ಕಟ್ಟುಗಳು ಸಡಿಲಾಗಿಯೂ ಕೊನೆಯವು ಹರಿದೂ ಹೋಗುವವು. ಬ್ರೇಕಿನ ಸವೆತ, ಧೂಳು, ಮಧ್ಯಾಹ್ನದ ಬಿಸಿಲು ಇವು ಈ ವ್ಯತ್ಯಾಸವನ್ನು ಇನ್ನೂ ಹೆಚ್ಚಿಸುವವು.

ಯಂತ್ರವನ್ನು ಪರೀಕ್ಷಿಸಲು ಒಂದು ಅಳತೆಪಟ್ಟಿ ಸಾಕು. ಸುರುಳಿಯ ಮೇಲಿರುವ ಹಾಳೆಗೆ 10 ಸೆಂಟಿಮೀಟರು ಅಂತರದಲ್ಲಿ ಎರಡು ಗೆರೆ ಎಳೆದು ಯಂತ್ರವನ್ನು ನಡೆಸಬೇಕು. ಕಟ್ಟಿನ ಮೇಲೆ ಆ ಅಂತರವು 15.5ರಿಂದ 17 ಸೆಂಟಿಮೀಟರು ಬಂದರೆ ಹಿಗ್ಗುವಿಕೆ ಸರಿಯಾಗಿದೆ. 50 ಸೆಂಟಿಮೀಟರು ಅಗಲದ ಹಾಳೆಯು ಕಟ್ಟಿನ ಮೇಲೆ ಸುಮಾರು 40ಕ್ಕೆ ಇಳಿದಿರಬೇಕು. ಸುರುಳಿಯು ತುಂಬಿದ್ದಾಗ ಒಮ್ಮೆ, ಮುಗಿಯುತ್ತ ಬಂದಾಗ ಮತ್ತೊಮ್ಮೆ ಹೀಗೆ ಅಳೆಯತಕ್ಕದ್ದು. ಎರಡು ಅಳತೆಗಳಲ್ಲಿ ಬಹಳ ಅಂತರವಿದ್ದರೆ ಬ್ರೇಕನ್ನು ಎಷ್ಟು ಬಿಗಿದರೂ ಉಪಯೋಗವಿಲ್ಲ.

ಅಂಥ ಯಂತ್ರಕ್ಕೆ ಎರಡು ಉರುಳೆಗಳ ಹಿಗ್ಗಿಸುವ ಭಾಗವನ್ನು ಜೋಡಿಸುವದು ಉತ್ತಮ ಮಾರ್ಗವು. ಉರುಳೆಗಳು ಹಲ್ಲುಗಾಲಿಗಳಿಂದ ಕೂಡಿದ್ದು, ಮೊದಲನೆಯದರ ಮೇಲೆ ಒಂದು ಮೀಟರು ಹಾಳೆ ಹಾಯುವಾಗ ಎರಡನೆಯದರ ಮೇಲೆ 1.55ರಿಂದ 1.7 ಮೀಟರು ಹಾಯುವದು. ಹಿಗ್ಗುವಿಕೆಯು ಹಲ್ಲುಗಳ ಲೆಕ್ಕದಿಂದಲೇ ನಿಶ್ಚಿತವಾಗುವದರಿಂದ ಸುರುಳಿಯು ದೊಡ್ಡದಿರಲಿ ಸಣ್ಣದಿರಲಿ ಭೇದವಿಲ್ಲ. ದೊಡ್ಡ ಯಂತ್ರಗಳಿಗೆ ಹಾಳೆಯು ಹರಿದೊಡನೆ ಯಂತ್ರವನ್ನು ನಿಲ್ಲಿಸುವ ಸಾಧನವನ್ನೂ ಕೂಡಿಸಬಹುದು. ಚೌಕಟ್ಟು, ತಿರುಗುವ ಮೇಜು, ಮೋಟಾರು ಗಟ್ಟಿಯಾಗಿದ್ದರೆ ಇಡೀ ಯಂತ್ರವನ್ನು ಬದಲಿಸುವ ಕಾರಣವಿಲ್ಲ. ಯಂತ್ರದ ಮಾದರಿಗೆ ಹೊಂದುವ ಭಾಗವನ್ನೇ ತರಿಸಿ, ನುರಿತ ಮಿಸ್ತ್ರಿಯಿಂದ ಕೂಡಿಸಿ, ಹಲ್ಲುಗಾಲಿಗಳಿಗೆ ಮುಚ್ಚಳ ಹಾಕಿಸತಕ್ಕದ್ದು.

ಸುಧಾರಿಸಿದ ಬಳಿಕವೂ ಕೆಲವು ಎಚ್ಚರಗಳು ಅವಶ್ಯವು. ಹಾಳೆಯ ಅಂಟು ಉರುಳೆಗಳ ಮೇಲೆ ಕೂಡಿಕೊಳ್ಳುವದರಿಂದ ಅವನ್ನು ದಿನವೂ ಒರೆಸಬೇಕು. ಹಾಗೆ ಒರೆಸುವಾಗ ಯಂತ್ರವನ್ನು ಪೂರ್ಣವಾಗಿ ನಿಲ್ಲಿಸಿರಬೇಕು. ಹಾಳೆಯ ಸುರುಳಿಗಳನ್ನು ನೆರಳಿನಲ್ಲಿಡಬೇಕು. ಪ್ರತಿಯೊಂದು ಸುತ್ತು ಹಿಂದಿನದರ ಅರ್ಧವನ್ನು ಮುಚ್ಚಬೇಕು. ಕಟ್ಟುಗಳನ್ನು ಕೂಳೆಯಿಲ್ಲದ ಸಮನೆಲದಲ್ಲಿಟ್ಟು, ಇಲಿ ಕಾಗೆಗಳು ಮಾಡಿದ ತೂತುಗಳಿಗೆ ಕೂಡಲೇ ಪಟ್ಟಿ ಅಂಟಿಸಬೇಕು.

ಯಂತ್ರವು ಒಂದೇ ಇದ್ದರೂ ಅದರಿಂದ ಸುತ್ತಿಸಿದ ಕಟ್ಟುಗಳು ಅನೇಕ ಮನೆಗಳ ದನಗಳನ್ನು ಸಲಹುವವು. ಆದುದರಿಂದ ಊರಿನ ಹಿರಿಯರೂ ಜಮೀನುದಾರರೂ ಮೇವಿನ ಕಟಾವು ಆರಂಭವಾಗುವ ಮೊದಲೇ ತಮ್ಮೂರಿನ ಯಂತ್ರವನ್ನು ಮೇಲೆ ಹೇಳಿದಂತೆ ಅಳೆದು ನೋಡಿಸತಕ್ಕದ್ದು. ಅಳತೆಯು ತಪ್ಪಿದ್ದರೆ ಆಗಲೇ ತಿದ್ದಿಸುವದು ಸುಲಭ. ಬೇಸಿಗೆಯಲ್ಲಿ ಕಟ್ಟು ಬಿಚ್ಚಿ ಬೂಷ್ಟು ಕಂಡ ಮೇಲೆ ಮಾಡುವ ಉಪಾಯವು ಯಾವದೂ ಇಲ್ಲ.