ಕರುಳಿನ ಮದ್ದು, ಮಿದುಳಿನ ವೈರಸ್

2005ರ ಫೆಬ್ರವರಿ 28ರಂದು ನಟಾಲಿಜುಮಾಬ್ ಎಂಬ ಔಷಧದ ಮಾರಾಟ ದಿಢೀರನೆ ನಿಂತಿತು. ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆಂದು ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕು ಮೂರು ತಿಂಗಳಷ್ಟೇ ಆಗಿತ್ತು. ಅದನ್ನು ಪಡೆಯುತ್ತಿದ್ದ ಇಬ್ಬರಲ್ಲಿ ಪಿಎಂಎಲ್ ಎಂಬ ಮಿದುಳಿನ ಸೋಂಕು ಪತ್ತೆಯಾಗಿತ್ತು. ನರತಂತುಗಳ ಹೊದಿಕೆ ನಾಶವಾಗುವ ಈ ಕಾಯಿಲೆಯಲ್ಲಿ ಕೈಕಾಲು ಸ್ವಾಧೀನ ತಪ್ಪುತ್ತದೆ, ಕಣ್ಣು ಮಂಜಾಗುತ್ತದೆ, ಮಾತು ತೊದಲುತ್ತದೆ. ಕೆಲವರಿಗೆ ಫಿಟ್ಸ್ ಬರುತ್ತದೆ.

ಕರುಳಿನ ಉರಿಯೂತವಾದ ಕ್ರೋನ್ಸ್ ಕಾಯಿಲೆಗೂ ಇದೇ ಔಷಧದ ಪ್ರಯೋಗ ನಡೆದಿತ್ತು. ಅದರಲ್ಲಿ ಪಾಲ್ಗೊಂಡಿದ್ದ ರೋಗಿಯೊಬ್ಬರು 2003ರಲ್ಲಿ ತೀರಿಕೊಂಡಿದ್ದರು. ದಾಖಲೆಯಲ್ಲಿದ್ದ ಕಾರಣ, ಮಿದುಳಿನ ಗೆಡ್ಡೆ. ಬೆಲ್ಜಿಯಂನ ಲೂವೆನ್‌ನಲ್ಲಿ ಗರ್ಟ್ ವಾನ್ ಆಶೆ ಮತ್ತು ಸಂಗಡಿಗರು ಆ ಪ್ರಕರಣವನ್ನು ಮತ್ತೆ ಕೈಗೆತ್ತಿಕೊಂಡರು.

ಪಿಎಂಎಲ್‌ನಲ್ಲಿ ಮಿದುಳಿನ ಕೆಲವು ಜೀವಕೋಶಗಳು ಊದಿಕೊಂಡು, ಆಕಾರಗೆಟ್ಟು, ಸೂಕ್ಷ್ಮದರ್ಶಕದಡಿ ಗೆಡ್ಡೆಯ ಕೋಶಗಳಂತೆಯೇ ತೋರುತ್ತವೆ. ಕಾಪಿಟ್ಟಿದ್ದ ಅಂಗಾಂಶವನ್ನು ಮರುಪರೀಕ್ಷಿಸಿದಾಗ ಅದರಲ್ಲಿ ಸಿಕ್ಕಿದ್ದು ಪಿಎಂಎಲ್ ತರುವ ಜೆಸಿ ವೈರಸ್. ಶೈತ್ಯದಲ್ಲಿಟ್ಟಿದ್ದ ರಕ್ತದ ಮಾದರಿಗಳು ಇನ್ನೂ ಮುಖ್ಯವಾದ ಸಂಗತಿ ಹೇಳಿದವು: ಮಿದುಳಿನ ಕಾಯಿಲೆಯ ಲಕ್ಷಣ ಕಾಣುವ ಎರಡು ತಿಂಗಳ ಮೊದಲೇ ವೈರಸ್ ರಕ್ತಕ್ಕೆ ಬಂದಿತ್ತು.

ಅರ್ಧಕ್ಕೂ ಹೆಚ್ಚು ವಯಸ್ಕರ ದೇಹದಲ್ಲಿ ಈ ವೈರಸ್ ತೊಂದರೆ ಕೊಡದೆ ಅಡಗಿರುತ್ತದೆ. ಅದನ್ನು ಹದ್ದುಬಸ್ತಿನಲ್ಲಿಡುವುದು ಬಿಳಿ ರಕ್ತಕಣಗಳು. ರಕ್ತನಾಳ ದಾಟಿ ಹೊರಬರಲು ಅವಕ್ಕೆ ಆಲ್ಫಾ-4 ಇಂಟೆಗ್ರಿನ್ ಎಂಬ ಪ್ರೋಟೀನ್ ಬೇಕು. ನಟಾಲಿಜುಮಾಬ್ ತಡೆಯುವುದು ಅದನ್ನೇ. ಅದರಿಂದ ಕರುಳಿನ ಉರಿ ತಗ್ಗಿತು. ಜೊತೆಗೇ ಮಿದುಳಿನ ಕಾವಲೂ ತಪ್ಪಿತು.

ಪ್ರಯೋಗಗಳಲ್ಲಿದ್ದ 3,000ಕ್ಕೂ ಹೆಚ್ಚು ಮಂದಿಯ ತಪಾಸಣೆ ನಡೆಯಿತು; ಅಪಾಯ ಸುಮಾರು ಸಾವಿರಕ್ಕೆ ಒಬ್ಬರಿಗೆ ಎಂದು 2006ರಲ್ಲಿ ಅಂದಾಜಾಯಿತು. ಬಿಗಿ ನಿಗಾದೊಂದಿಗೆ ಅದೇ ವರ್ಷ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳಿಗೆ ಔಷಧ ಮರಳಿತು, 2008ರಲ್ಲಿ ಕ್ರೋನ್ಸ್‌ಗೂ ಒಪ್ಪಿಗೆ ಸಿಕ್ಕಿತು. ಈಗ ಈ ಔಷಧ ಕೊಡುವಾಗ ವೈದ್ಯರು ಜೆಸಿ ವೈರಸ್‌ನ ಪ್ರತಿಕಾಯ ಇದೆಯೇ ಎಂದು ರಕ್ತ ಪರೀಕ್ಷಿಸಿ ಅಪಾಯ ಅಳೆಯುತ್ತಾರೆ. ಮುಖ್ಯವಾಗಿ ಕರುಳಿನತ್ತ ಹೊರಟ ಬಿಳಿ ರಕ್ತಕಣಗಳನ್ನಷ್ಟೇ ತಡೆಯುವ ವೆಡೊಲಿಜುಮಾಬ್ ಎಂಬ ಇನ್ನೊಂದು ಔಷಧಕ್ಕೆ 2014ರಲ್ಲಿ ಅನುಮತಿ ದೊರೆಯಿತು.

ಕರುಳಿನ ರೋಗಿಗೆ ಹೊಸದಾಗಿ ಫಿಟ್ಸ್, ಗೊಂದಲ, ಮಾತಿನ ತೊಡಕು ಕಂಡರೆ ಅದನ್ನು ಬೇರೆಯೇ ಕಾಯಿಲೆಯೆಂದು ಬದಿಗಿಡದೆ, ಅವರು ಪಡೆಯುತ್ತಿರುವ ಔಷಧವನ್ನೂ ವೈದ್ಯರು ಅನುಮಾನಿಸಬೇಕು. ಲೂವೆನ್‌ನ ವೈದ್ಯರು ಮುಗಿದುಹೋದ ಪ್ರಕರಣವೆಂದು ಸುಮ್ಮನಿದ್ದಿದ್ದರೆ, ಕ್ರೋನ್ಸ್ ರೋಗಿಗಳಿಗೂ ಇದೇ ಅಪಾಯವಿದೆಯೆಂದು ತಿಳಿಯುವ ಹೊತ್ತಿಗೆ ಇನ್ನಷ್ಟು ಜೀವಗಳು ಹೋಗುತ್ತಿದ್ದವೇನೋ.