ಬೊಚ್ಚುಬಾಯಿಯ ಪುಟ್ಟ ಗುರು

ಲೆಕ್ಕ ತಪ್ಪಿದ ಹುಡುಗನಿಗೆ ಉಪಾಧ್ಯಾಯರು ಲೆಕ್ಕವನ್ನು ಮತ್ತೊಮ್ಮೆ ಹೇಳಿಕೊಡುತ್ತಾರೆ. ಕಾಗುಣಿತ ತಪ್ಪಿದವನಿಂದ ಹತ್ತು ಸಲ ಬರೆಯಿಸಿ ತಿದ್ದುತ್ತಾರೆ. ಆದರೆ ಪಕ್ಕದವನನ್ನು ಗುದ್ದಿದ ಹುಡುಗನಿಗೆ, ಗೆಳತಿಯನ್ನು ಹಂಗಿಸಿ ಅಳಿಸಿದ ಹುಡುಗಿಗೆ ಯಾವ ಪಾಠವೂ ಇಲ್ಲ, ಇರುವುದು ಶಿಕ್ಷೆಯೊಂದೇ. ಸಿಟ್ಟನ್ನು ಹತೋಟಿಯಲ್ಲಿಡುವುದು, ಪರರ ನೋವನ್ನು ಅರಿತು ನಡೆಯುವುದು, ಇವೆಲ್ಲ ಹುಟ್ಟಿನಿಂದ ಬರಬೇಕಾದ ಗುಣಗಳು, ಶಾಲೆಯಲ್ಲಿ ಕಲಿಸಲು ಬಾರದು ಎಂಬ ನಂಬಿಕೆ ಬಹುಕಾಲದಿಂದ ಬೇರೂರಿದೆ.

ಈ ನಂಬಿಕೆಯನ್ನು ಕೆನಡಾ ದೇಶದ ಮೇರಿ ಗಾರ್ಡನ್ ಎಂಬ ಉಪಾಧ್ಯಾಯಿನಿ ಒಪ್ಪಲಿಲ್ಲ. ಓದುಬರಹದಂತೆ ಇವನ್ನೂ ತರಗತಿಯಲ್ಲಿಯೇ ಕಲಿಸಬಹುದೆಂದು ಅವರು ಹೇಳಿದರು. ಕಲಿಸಲು ಅವರು ಆರಿಸಿಕೊಂಡ ಗುರುವಿಗಾದರೋ ಇನ್ನೂ ಒಂದು ಹಲ್ಲೂ ಮೂಡಿರಲಿಲ್ಲ!

ಸರಪಳಿಯನ್ನು ಕಡಿಯುವ ಬಗೆ

ಗಾರ್ಡನ್ ಮೊದಲಿಗೆ ಶಿಶುವಿಹಾರದ ಉಪಾಧ್ಯಾಯಿನಿಯಾಗಿದ್ದವರು. 1981ರಲ್ಲಿ ಅವರು ಟೊರಾಂಟೊ ನಗರದ ಶಾಲೆಗಳಲ್ಲಿ ಎಳೆಯ ಮಕ್ಕಳ ತಾಯಿತಂದೆಗಳಿಗಾಗಿ ಕೇಂದ್ರಗಳನ್ನು ತೆರೆಯಿಸಿದರು. ಮಗುವಿನೊಡನೆ ಆಡುವುದು, ಅದಕ್ಕೆ ಕಥೆ ಓದಿ ಹೇಳುವುದು, ಅದರ ಬೇಕುಬೇಡಗಳನ್ನು ತಿಳಿಯುವುದು ಇವನ್ನೆಲ್ಲ ಹೆತ್ತವರು ಅಲ್ಲಿ ಕಲಿಯುತ್ತಿದ್ದರು. ಕಷ್ಟದಲ್ಲಿದ್ದ ಸಂಸಾರಗಳ ಒಡನಾಟದಿಂದ ಗಾರ್ಡನ್ ಅವರಿಗೆ ಒಂದು ಸಂಗತಿ ಮನದಟ್ಟಾಯಿತು. ಪ್ರೀತಿ ಕಾಣದೆ, ಪೆಟ್ಟು ತಿಂದು ಬೆಳೆದವರಲ್ಲಿ ಎಷ್ಟೋ ಮಂದಿ ತಮ್ಮ ಮಕ್ಕಳಿಗೂ ಅದನ್ನೇ ಉಣಿಸುತ್ತಿದ್ದರು. ಪರರ ಮನಸ್ಸನ್ನು ಹೊಕ್ಕು ನೋಡುವ ಶಕ್ತಿ ಅವರಲ್ಲಿ ಚಿಗುರಲು ಎಡೆಯೇ ದೊರೆತಿರಲಿಲ್ಲ. ತಲೆಮಾರಿನಿಂದ ತಲೆಮಾರಿಗೆ ಸಾಗುವ ಈ ಸರಪಳಿಯನ್ನು ಕಡಿಯಬೇಕಾದರೆ, ಮುಂದೆ ತಾಯಿತಂದೆಗಳಾಗಲಿರುವ ಮಕ್ಕಳಿಂದಲೇ ಆರಂಭಿಸಬೇಕೆಂದು ಅವರಿಗೆ ತೋರಿತು.

ಹೀಗೆ 1996ರಲ್ಲಿ ಟೊರಾಂಟೊದಲ್ಲಿ ‘ರೂಟ್ಸ್ ಆಫ್ ಎಂಪಥಿ’ ಎಂಬ ಪಾಠಕ್ರಮ ಹುಟ್ಟಿತು. ‘ಸಹಾನುಭೂತಿಯ ಬೇರುಗಳು’ ಎಂದು ಅದನ್ನು ಕನ್ನಡಿಸಬಹುದು.

ಹಸಿರು ಹೊದಿಕೆಯ ಮೇಲೆ

ಪಾಠದ ಏರ್ಪಾಡು ಬಹು ಸರಳವಾದುದು. ಶಾಲೆಯ ನೆರೆಹೊರೆಯಲ್ಲಿ ವಾಸಿಸುವ ಒಂದು ಸಂಸಾರದವರು ತಮ್ಮ ಹಸುಗೂಸನ್ನು ಎತ್ತಿಕೊಂಡು ತರಗತಿಗೆ ಬರುತ್ತಾರೆ. ವರ್ಷಾರಂಭದಲ್ಲಿ ಕೂಸಿಗೆ ಎರಡರಿಂದ ನಾಲ್ಕು ತಿಂಗಳು. ನೆಲದ ಮೇಲೆ ಹಸಿರು ಹೊದಿಕೆಯೊಂದನ್ನು ಹಾಸಿರುತ್ತಾರೆ. ಮಕ್ಕಳು ಅದರ ಸುತ್ತ ಕುಳಿತು ಸ್ವಾಗತದ ಹಾಡು ಹೇಳುತ್ತಾರೆ. ತಾಯಿ ಮಗುವನ್ನು ಎತ್ತಿಕೊಂಡು ಒಬ್ಬೊಬ್ಬರ ಬಳಿಗೂ ಹೋಗಿ ಪರಿಚಯ ಮಾಡಿಸುತ್ತಾಳೆ. ಕೂಸು ತೊಟ್ಟ ಅಂಗಿಯ ಮೇಲೆ ‘ಟೀಚರ್’ ಎಂದು ಬರೆದಿರುತ್ತದೆ!

ವರ್ಷದಲ್ಲಿ ಒಂಬತ್ತು ಸಲ ಕೂಸಿನ ಆಗಮನ. ಪ್ರತಿಯೊಂದು ಭೇಟಿಗೂ ಮೊದಲೊಮ್ಮೆ, ತರುವಾಯ ಇನ್ನೊಮ್ಮೆ, ತರಬೇತಿ ಪಡೆದ ಬೋಧಕರೊಬ್ಬರು ಬಂದು ಮಕ್ಕಳೊಡನೆ ಮಾತನಾಡುತ್ತಾರೆ. ಅಂತೂ ಒಟ್ಟು 27 ಪಾಠಗಳು. ಐದು ವರ್ಷದ ಎಳೆಯರಿಂದ ಹದಿಮೂರರ ಪ್ರಾಯದವರವರೆಗೆ ಆಯಾ ವಯಸ್ಸಿಗೆ ತಕ್ಕ ಪಾಠವಿದೆ. ಮಗುವಿನ ತೂಕ, ಎತ್ತರಗಳನ್ನು ಅಳೆದು ಬರೆದಿಡುವಾಗ ಗಣಿತದ ಅಭ್ಯಾಸವೂ ಆಗುತ್ತದೆ.

ಕೂಸೇನೂ ಉಪನ್ಯಾಸ ಮಾಡುವುದಿಲ್ಲ. ಅದು ನಗುತ್ತದೆ, ಮಗ್ಗುಲಾಗಲು ಹೆಣಗುತ್ತದೆ, ಕೈಗೆ ಎಟುಕದ ಆಟಿಕೆಗಾಗಿ ಸಿಡಿಮಿಡಿಗೊಳ್ಳುತ್ತದೆ, ಕೆಲವೊಮ್ಮೆ ಬೋರೆಂದು ಅಳುತ್ತದೆ. ಅದೇ ಪಾಠ. ಅದು ಏಕೆ ಅಳುತ್ತಿರಬಹುದು, ಹಸಿವೋ, ನಿದ್ರೆಯೋ, ಹೊಸ ಮುಖಗಳ ಭಯವೋ ಎಂದು ಬೋಧಕರು ಕೇಳುತ್ತಾರೆ. ಮಾತು ಬಾರದ ಜೀವದ ಮನಸ್ಸನ್ನು ಅದರ ಮುಖದಿಂದಲೂ ಕೈಕಾಲುಗಳ ಚಲನೆಯಿಂದಲೂ ಓದುವುದನ್ನು ಮಕ್ಕಳು ಕಲಿಯುತ್ತಾರೆ. ಅಳುವ ಕೂಸು ಕೆಟ್ಟ ಕೂಸಲ್ಲ, ಅದಕ್ಕೆ ಏನೋ ತೊಂದರೆಯಿದೆ ಎಂಬ ಅರಿವು ಮೂಡುತ್ತದೆ. ಎಷ್ಟೇ ಸಿಟ್ಟು ಬಂದರೂ ಎಳೆಯ ಕೂಸನ್ನು ಹಿಡಿದು ಅಲುಗಾಡಿಸಬಾರದು, ಅದರಿಂದ ಮಿದುಳಿಗೆ ಪೆಟ್ಟಾಗುತ್ತದೆ ಎಂಬ ಎಚ್ಚರಿಕೆಯನ್ನೂ ಕೊಡುತ್ತಾರೆ.

ಮುಂದಿನ ಹೆಜ್ಜೆಯೇ ಮುಖ್ಯವಾದುದು. ಕೂಸು ಹೆದರಿದ್ದನ್ನು ಕಂಡ ಮಕ್ಕಳನ್ನು, ನೀವು ಎಂದು ಹೆದರಿದ್ದಿರಿ ಎಂದು ಬೋಧಕರು ಕೇಳುತ್ತಾರೆ. ತನ್ನ ಭಯವನ್ನು ಹೇಳಿಕೊಳ್ಳಲು ನಾಚುವ ಹುಡುಗನಿಗೂ ಕೂಸಿನ ಭಯದ ನೆಪದಲ್ಲಿ ಬಾಯಿ ಬರುತ್ತದೆ. ತನ್ನ ಸಿಟ್ಟು, ಸಂಕಟಗಳಿಗೆ ಹೆಸರಿಡಬಲ್ಲವನು ಅವನ್ನು ಮುಷ್ಟಿಯಿಂದ ತೋರಿಸಬೇಕಾದ ಅಗತ್ಯ ಕಡಮೆಯಾಗುತ್ತದೆ. ವರ್ಷದ ಕೊನೆಯಲ್ಲಿ ಮಕ್ಕಳು ಕೂಸಿಗೆ ತಮ್ಮ ಹಾರೈಕೆಗಳನ್ನು ಬರೆದು ಬೀಳ್ಕೊಡುತ್ತಾರೆ.

ಒಬ್ಬ ಹುಡುಗನ ಪ್ರಶ್ನೆ

ಗಾರ್ಡನ್ ತಮ್ಮ ಗ್ರಂಥದಲ್ಲಿ ಒಂದು ಪ್ರಸಂಗವನ್ನು ಹೇಳಿದ್ದಾರೆ. ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಎರಡು ಬಾರಿ ನಪಾಸಾಗಿ ಉಳಿದವರಿಗಿಂತ ದೊಡ್ಡವನಾಗಿ ಕಾಣುತ್ತಿದ್ದ. ನಾಲ್ಕನೆಯ ವಯಸ್ಸಿನಲ್ಲಿ ಅವನ ಕಣ್ಣೆದುರಿಗೇ ತಾಯಿಯ ಕೊಲೆಯಾಗಿತ್ತು. ಅಂದಿನಿಂದ ಪರರ ಮನೆಗಳಲ್ಲಿ ಬೆಳೆದವನು. ಅಂದು ತರಗತಿಗೆ ಬಂದಿದ್ದ ಕೂಸು ತನ್ನ ಎದೆಗೆ ಒರಗುವುದೇ ಇಲ್ಲವೆಂದು ತಾಯಿ ಹೇಳಿಕೊಂಡಿದ್ದಳು. ಪಾಠ ಮುಗಿದ ಮೇಲೆ, ಕೂಸನ್ನು ಎದೆಗೆ ಕಟ್ಟಿಕೊಳ್ಳುವ ಚೀಲವನ್ನು ತಾನು ತೊಡಬಹುದೇ ಎಂದು ಆ ಹುಡುಗ ಮುಂದೆ ಬಂದ. ತಾಯಿ ಅಳುಕುತ್ತಲೇ ಕೂಸನ್ನು ಕೊಟ್ಟಳು. ಕೂಸು ಅವನ ಎದೆಗೆ ಒರಗಿಕೊಂಡಿತು. ಅವನು ಮೂಲೆಗೆ ಸರಿದು ಕೆಲವು ನಿಮಿಷ ಅದನ್ನು ತೂಗುತ್ತ ನಿಂತ. ಆಮೇಲೆ ಬಂದು, ಯಾರ ಪ್ರೀತಿಯನ್ನೂ ಕಾಣದವನು ಒಳ್ಳೆಯ ತಂದೆಯಾಗಬಲ್ಲನೇ ಎಂದು ಕೇಳಿದ.

ಫಲವೇನು?

ಮನ ಕರಗಿಸುವ ಪ್ರಸಂಗ ಬೇರೆ, ಪ್ರಮಾಣ ಬೇರೆ. ಈ ಪಾಠವನ್ನು ವಿದ್ವಾಂಸರು ಹಲವೆಡೆ ಪರೀಕ್ಷಿಸಿದ್ದಾರೆ. ಕೆನಡಾದಲ್ಲಿ 28 ತರಗತಿಗಳ 585 ಮಕ್ಕಳನ್ನು ಕುರಿತ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಹದಿನಾಲ್ಕು ತರಗತಿಗಳಲ್ಲಿ ಪಾಠವಿತ್ತು. ಉಳಿದ ಹದಿನಾಲ್ಕರಲ್ಲಿ ಇರಲಿಲ್ಲ. ಪಾಠ ಪಡೆದವರಲ್ಲಿ ಬೇಕೆಂದೇ ಕೆಣಕುವ, ಗುಂಪಿನಿಂದ ಹೊರಗಿಡುವ ಚಾಳಿ ತಗ್ಗಿದುದನ್ನು ಉಪಾಧ್ಯಾಯರು ಗುರುತಿಸಿದರು. ಮ್ಯಾನಿಟೋಬಾ ಪ್ರಾಂತದ ಪರೀಕ್ಷೆಯಲ್ಲಿ ಜಗಳಗಂಟಿತನ ತಗ್ಗಿದ್ದು ಮೂರು ವರ್ಷಗಳ ತರುವಾಯವೂ ಉಳಿದು ಬಂದಿತು.

ಉತ್ತರ ಐರ್ಲೆಂಡಿನ ಫಲಿತಾಂಶ ಮಾತ್ರ ಎಚ್ಚರಿಸುವಂಥದು. ಅಲ್ಲಿ 74 ಶಾಲೆಗಳ 1,278 ಮಕ್ಕಳ ಮೇಲೆ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಪಾಠ ಮುಗಿದೊಡನೆ ಮಕ್ಕಳ ನಡತೆಯಲ್ಲಿ ಸ್ವಲ್ಪ ಸುಧಾರಣೆ ಕಂಡಿತು. ಮೂರು ವರ್ಷ ಕಳೆಯುವ ವೇಳೆಗೆ ಅದರ ಸುಳಿವು ಉಳಿದಿರಲಿಲ್ಲ.

ಒಂದು ಮಳೆಗೆ ಕೆರೆ ತುಂಬದು. ಒಂಬತ್ತು ದಿನ ಬಂದು ಹೋಗುವ ಕೂಸು ಮಕ್ಕಳ ಹೃದಯವನ್ನು ತೆರೆಯಬಹುದು. ಅದನ್ನು ತೆರೆದಿಡುವ ಹೊಣೆ ಮನೆಯದು. ಹಿಂದಿನ ತುಂಬು ಸಂಸಾರಗಳಲ್ಲಿ ಅಕ್ಕನ ಸೊಂಟದ ಮೇಲೆ ತಮ್ಮನಿರುತ್ತಿದ್ದ. ಹಸುಗೂಸಿನ ಅಳುವಿನ ಅರ್ಥವನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಂದು ನಗರದ ಮನೆಗಳಲ್ಲಿ ಒಂದೇ ಮಗುವಾಗಿ ಬೆಳೆಯುವ ಎಷ್ಟೋ ಮಕ್ಕಳಿಗೆ ಕೂಸನ್ನು ಎತ್ತಿಕೊಳ್ಳುವ ಅವಕಾಶವೇ ಅಪರೂಪ.

ನೆರೆಮನೆಯಲ್ಲಿ ಕೂಸು ಅತ್ತಾಗ, ಓದಿಗೆ ತೊಂದರೆಯೆಂದು ಕಿಟಕಿ ಮುಚ್ಚುವ ಮೊದಲು, ಅದು ಏಕೆ ಅಳುತ್ತಿರಬಹುದೆಂದು ಮಕ್ಕಳನ್ನು ಒಮ್ಮೆ ಕೇಳಿ ನೋಡಬಹುದು. ಅವರು ಶಾಲೆಯಿಂದ ಮುಖ ಊದಿಸಿಕೊಂಡು ಬಂದ ದಿನವೂ, ಗದರುವ ಮೊದಲು, ಅದೇ ಪ್ರಶ್ನೆಯನ್ನು ತಾಯಿತಂದೆಗಳು ತಮ್ಮಲ್ಲಿಯೇ ಕೇಳಿಕೊಳ್ಳಬಹುದು.